ಕೆಂಪು ದಿನಾಂಕದ ಮಳೆ

ಕಾಂತಿ ಶೆಡ್ತಿಗೆ ರಾಮಪ್ರಸಾದನ ಮೇಲಿದ್ದ ಸಿಟ್ಟಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಅಷ್ಟು ವರ್ಷದಲ್ಲಿ ಮನುಷ್ಯರ ಸಿಟ್ಟು ಸಾಮಾನ್ಯವಾಗಿ ತಣ್ಣಗಾಗುತ್ತದೆ, ಇಲ್ಲವೇ ಮರೆತುಹೋಗುತ್ತದೆ. ಇವಳದ್ದು ಎರಡೂ ಆಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಮಲಗಲು ಚಾಪೆ ಬಿಡಿಸುವಾಗ ಒಮ್ಮೆ ಅವನನ್ನು ನೆನೆಯುತ್ತಿದ್ದಳು. ದೇವರನ್ನು ಕೂಡ ಅಷ್ಟು ನಿಯಮದಿಂದ ನೆನೆದವಳಲ್ಲ. “ದೇವರು ನೋಡಿಕೊಳ್ತಾನೆ, ಬಿಡು” ಎಂದು ಯಾರಾದರೂ ಸಮಾಧಾನ ಹೇಳಿದರೆ, “ದೇವರಿಗೆ ಬೇರೆ ಕೆಲಸ ಉಂಟು. ಇದನ್ನು ನಾನೇ ನೋಡ್ತೇನೆ” ಅನ್ನುವಳು. ಎದುರಿಗೆ ಸಿಕ್ಕರೆ ಅವನನ್ನು ಸರ್ ಎಂದೇ ಕರೆಯುವಳು. ಮನಸ್ಸಿನೊಳಗೆ ಮಾತ್ರ ಏಕವಚನ. ಹಾಗಾಗಿ ನಾನೂ ಇಲ್ಲಿ ಏಕವಚನದಲ್ಲೇ ಹೇಳುತ್ತೇನೆ.

ಕಾಂತಿಯ ಊರು ಮಡಂತ್ಯಾರಿನಿಂದ ಒಳಗೆ, ಪಾದೆಮಾರು. ಹೆಸರಿಗೆ ಗುತ್ತಿನ ಮನೆಯ ಹೆಣ್ಣು. ಆದರೆ ಆಸ್ತಿ ಪಾಲಾಗಿ, ಆ ಪಾಲು ಮತ್ತೆ ಪಾಲಾಗಿ, ಅವಳ ಕೈಗೆ ಬಂದದ್ದು ಹತ್ತು ಸೆಂಟ್ಸ್ ಜಾಗ ಮತ್ತು ದೊಡ್ಡ ಮನೆತನದವಳೆಂಬ ಮಾತು. ಮಾತಿನಿಂದ ಗಂಜಿ ಬೇಯುವುದಿಲ್ಲವಲ್ಲ, ಬೀಡಿ ಕಟ್ಟಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ “ಪುರುಸೊತ್ತು ಸಿಗಲಿಲ್ಲ” ಎಂದು ಹೇಳಿ ಬಾಯಿ ಮುಚ್ಚಿಸಿದಳು. ಮೂವತ್ತು ವರ್ಷದ ಹಿಂದೆ ಪಾದೆಮಾರಿನ ಸರಕಾರಿ ಗೋದಾಮಿನಲ್ಲಿ ಗುಡಿಸುವ ಕೆಲಸ ಸಿಕ್ಕಿತು. ಅದರ ಜೊತೆಗೇ ಅಂಟಿಕೊಂಡು ಬಂದದ್ದು ಮಳೆ ಅಳೆಯುವ ಕೆಲಸ.

ಗೋದಾಮಿನ ಅಂಗಳದಲ್ಲಿ ಒಂದು ಮಳೆಮಾಪಕ ಇತ್ತು. ನೆಲದಲ್ಲಿ ಹೂತ ಕೊಳವೆ, ಅದರ ಬಾಯಿಗೊಂದು ಆಲಿಕೆ, ಒಳಗೆ ನೀರು ತುಂಬುವ ಬಾಟಲಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬಾಟಲಿ ಎತ್ತಿ, ಗೆರೆ ಕೊರೆದ ಗಾಜಿನ ಲೋಟಕ್ಕೆ ನೀರು ಹೊಯ್ದು, ಎಷ್ಟು ಮಿಲಿಮೀಟರ್ ಎಂದು ರಿಜಿಸ್ಟರಿಗೆ ಏರಿಸಬೇಕು. ಇದನ್ನು ಅವಳಿಗೆ ಹೇಳಿಕೊಟ್ಟವರು ಅಲ್ಲಿನ ಹಳೆಯ ಜವಾನ ಸುಬ್ಬಯ್ಯ. ನಿವೃತ್ತಿಗೆ ಎರಡು ತಿಂಗಳಿದ್ದ ಆ ಮನುಷ್ಯ ಗೆರೆಯನ್ನು ಹೇಗೆ ನೋಡಬೇಕೆಂದು ತೋರಿಸಿದ ಮೇಲೆ, ಇನ್ನೊಂದು ವಿದ್ಯೆಯನ್ನೂ ಹೇಳಿಕೊಟ್ಟರು.

“ಭಾನುವಾರ ಕಚೇರಿಗೆ ರಜೆ. ನೀನೂ ಬರುವುದು ಬೇಡ. ಆದ್ರೆ ರಿಜಿಸ್ಟರಿನಲ್ಲಿ ಚೌಕ ಖಾಲಿ ಬಿಡ್ಲಿಕ್ಕಿಲ್ಲ, ಮೇಲಿನವರು ಬೈತಾರೆ. ಸೋಮವಾರ ಬಾಟಲಿಯಲ್ಲಿ ಎಷ್ಟು ಉಂಟೋ ಅದನ್ನು ಎರಡು ಪಾಲು ಮಾಡು. ಅರ್ಧ ಭಾನುವಾರಕ್ಕೆ, ಅರ್ಧ ಸೋಮವಾರಕ್ಕೆ. ಎರಡು ದಿನ ರಜೆ ಬಂದ್ರೆ ಮೂರು ಪಾಲು.”

“ಮಳೆ ಹಾಗೆ ಸಮ ಸಮ ಬರ್ತದಾ ಸುಬ್ಬಯ್ಯಣ್ಣ?”

“ಮಳೆ ಬರುವುದು ಹೇಗೂ ಬರ್ತದೆ. ಬರೆಯುವುದು ಹೀಗೆ, ಎಲ್ಲ ಕಡೆ.”

ಎಲ್ಲ ಕಡೆ ಹೀಗೇ ಎಂದು ಅವರು ಹೇಳಿದ್ದು ಸುಳ್ಳಲ್ಲ. ಸುತ್ತಲಿನ ಊರುಗಳಲ್ಲಿ ಮಳೆ ಬರೆಯುವವರೆಲ್ಲ ರಜೆಯ ಮಳೆಯನ್ನು ತುಂಡು ಮಾಡಿ ಹಂಚುತ್ತಿದ್ದರು, ಯಾರಿಗೂ ಅದು ತಪ್ಪೆಂದು ಅನ್ನಿಸಿರಲಿಲ್ಲ. ಕಾಂತಿಯೂ ಹಂಚಿದಳು. ಆದರೆ ಅವಳಿಗೊಂದು ಚಟವಿತ್ತು. ಬಾಟಲಿಯಲ್ಲಿ ನಿಜಕ್ಕೂ ಎಷ್ಟಿತ್ತೋ ಅದನ್ನು ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವಳು. ರಜೆಯ ಕೆಂಪು ದಿನಾಂಕವಾದರೆ ಪಕ್ಕದಲ್ಲಿ ‘ಮಧ್ಯಾಹ್ನದಿಂದ’, ‘ರಾತ್ರಿ ಎಲ್ಲ’ ಎಂದು ಒಂದೆರಡು ಶಬ್ದ. ವರ್ಷ ಮುಗಿದರೆ ಹಾಳೆಗಳನ್ನು ಸುರುಳಿ ಸುತ್ತಿ ಅಟ್ಟಕ್ಕೆ ಹಾಕುವಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಆ ಚೌತಿ ಬಂತು.

ಶುಕ್ರವಾರ ಚೌತಿ, ಮರುದಿನ ಶನಿವಾರಕ್ಕೆ ಎಲ್ಲರೂ ರಜೆ ಬರೆದು ಹೋಗಿದ್ದರು, ಅದಕ್ಕೆ ತಾಗಿ ಭಾನುವಾರ. ಶುಕ್ರವಾರ ಮಧ್ಯಾಹ್ನ ಶುರುವಾದ ಮಳೆ ಬೆಳಗಿನ ಜಾವದವರೆಗೆ ಬಿಡಲಿಲ್ಲ. ಬಾಟಲಿ ತುಂಬಿ ಹೊರಚೆಲ್ಲಿದರೆ ಲೆಕ್ಕವೇ ಹೋಯಿತು ಎಂದು ಕಾಂತಿಗೆ ಹೆದರಿಕೆ. ಶನಿವಾರ ಎಂಟೂವರೆಗೆ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ಗೋದಾಮಿಗೆ ಹೋದಳು. ಒಮ್ಮೆ ಅಳೆದಳು. ನಂಬಿಕೆ ಬರದೆ ಅದೇ ನೀರನ್ನು ಇನ್ನೊಮ್ಮೆ ಅಳೆದಳು. ಮುನ್ನೂರ ಹದಿನೆಂಟು. ಭಾನುವಾರವೂ ಹೋದಳು, ಇಪ್ಪತ್ತೊಂದು. ಸೋಮವಾರ ಒಂಬತ್ತು. ಮೊದಲ ಬಾರಿಗೆ ರಜೆಯ ಚೌಕಗಳಲ್ಲಿ ನಿಜವಾದ ಅಂಕಿಗಳನ್ನೇ ಬರೆದು ರಿಜಿಸ್ಟರನ್ನು ಬೆಳ್ತಂಗಡಿಯ ಮೇಲಿನ ಕಚೇರಿಗೆ ಕಳಿಸಿದಳು.

ಶುಕ್ರವಾರದ ಆ ಮಳೆಯಲ್ಲಿ ಪಾದೆಮಾರಿನ ತೋಡು ಉಕ್ಕಿತು. ರಸ್ತೆಯಡಿಯ ಮೋರಿ ಅಷ್ಟು ನೀರನ್ನು ನುಂಗಲಾರದೆ ಕಟ್ಟಿಕೊಂಡಿತು, ನೀರು ದಾರಿ ಬದಲಿಸಿ ಸೈನಬಳ ಮನೆಯ ಮೇಲೆ ಹೋಯಿತು. ಸೈನಬ ಎಂದರೆ ಕಾಂತಿಯ ಜೊತೆ ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು, ಒಂದೇ ಮೊರದಲ್ಲಿ ಎಲೆ ಹಂಚಿಕೊಂಡವಳು. ಜೀವ ಉಳಿಯಿತು, ಮನೆ ಉಳಿಯಲಿಲ್ಲ.

ಆಗ ಬೆಳ್ತಂಗಡಿಯಲ್ಲಿ ಅಂಕಿಅಂಶದ ಅಧಿಕಾರಿಯಾಗಿದ್ದವನೇ ರಾಮಪ್ರಸಾದ್. ಆ ಶನಿವಾರ ತನ್ನ ಮನೆಯಲ್ಲಿ ಕಡುಬು ತಿನ್ನುತ್ತಾ ಕುಳಿತು, ‘ವಿಶೇಷವೇನಿಲ್ಲ’ ಎಂದು ಮೇಲಕ್ಕೆ ಫೋನಿನಲ್ಲಿ ವರದಿ ಒಪ್ಪಿಸಿಬಿಟ್ಟಿದ್ದ. ಈಗ ಮುನ್ನೂರ ಹದಿನೆಂಟು ಎಂದು ಒಬ್ಬಳು ಗುಡಿಸುವವಳು ಬರೆದು ಕಳಿಸಿದರೆ ಅವನ ಗತಿ ಏನು? ಮೂರು ದಿನದ್ದನ್ನೂ ಕೂಡಿಸಿದ, ಮೂರರಿಂದ ಭಾಗಿಸಿದ. ನೂರ ಹದಿನಾರು, ನೂರ ಹದಿನಾರು, ನೂರ ಹದಿನಾರು. ನಮ್ಮ ಕಡೆ ಜಡಿಮಳೆಯ ಆಟಿ ತಿಂಗಳಲ್ಲಿ ಅಷ್ಟು ಮಳೆ ಬಂದರೆ ಮಕ್ಕಳಿಗೆ ಶಾಲೆಗೆ ರಜೆ ಕೊಡಲೂ ಯೋಚನೆ ಮಾಡುತ್ತಾರೆ. ಅತಿವೃಷ್ಟಿಯ ಪಟ್ಟಿಗೆ ಸೇರಲು ಒಂದು ದಿನಕ್ಕೆ ಇನ್ನೂರಾದರೂ ದಾಟಬೇಕಿತ್ತು. ಪಾದೆಮಾರು ಪಟ್ಟಿಗೆ ಸೇರಲಿಲ್ಲ.

ಕಾಂತಿ ಬೆಳ್ತಂಗಡಿಗೆ ಹೋಗಿ ಕೇಳಿದಳು. ಅವನು ಮೆಮೋ ಕೊಟ್ಟ. ಕೆಳಗೊಂದು ತಪ್ಪೊಪ್ಪಿಗೆಯನ್ನೂ ಟೈಪ್ ಮಾಡಿಸಿ ಇಟ್ಟಿದ್ದ.

“ತಿಂಗಳ ಮೀಟಿಂಗಿನಲ್ಲಿ ಎಲ್ಲರ ಎದುರು ನಿಂತು ಇದನ್ನು ಓದು. ಓದಿದ್ರೆ ಕೆಲಸ ಉಳೀತದೆ.”

ಓದಿದಳು. ಮೂವತ್ತು ಜನ ಕುಳಿತ ಕೋಣೆಯಲ್ಲಿ ನಿಂತು, “ನಾನು ರಜಾ ದಿನ ಕೇಂದ್ರಕ್ಕೆ ಹೋಗದೆ ಮನಸ್ಸಿಗೆ ಬಂದ ಅಂಕಿ ಬರೆದಿದ್ದೇನೆ, ಇದು ನನ್ನ ತಪ್ಪು” ಎಂದು ಓದಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. “ಗಟ್ಟಿ ಓದು, ಹಿಂದಿನವರಿಗೆ ಕೇಳ್ಬೇಕು” ಎಂದು ರಾಮಪ್ರಸಾದ್ ಇನ್ನೊಮ್ಮೆ ಓದಿಸಿದ. ಮುಂದಿನ ವಾರ ಕೆಲಸದಿಂದ ತೆಗೆದ.

ಅದಕ್ಕಿಂತ ದೊಡ್ಡ ಪೆಟ್ಟು ಸೈನಬಳದ್ದು. ಪರಿಹಾರ ಯಾಕಿಲ್ಲ ಎಂದು ಊರಿನವರು ವಿಚಾರಿಸಿದಾಗ, ‘ನಿಮ್ಮ ಊರಿನವಳೇ ನೂರ ಹದಿನಾರು ಬರೆದದ್ದು, ತಪ್ಪು ಕೂಡ ಒಪ್ಪಿಕೊಂಡಿದ್ದಾಳೆ’ ಎಂಬ ಉತ್ತರ ಬಂತು. ಸೈನಬ ಮಗಳ ಮನೆಗೆ, ಫರಂಗಿಪೇಟೆಗೆ ಹೊರಟಳು. ಹೊರಡುವ ದಿನ ಕಾಂತಿಯ ಅಂಗಳದಲ್ಲಿ ನಿಂತು ಅವಳು ಹೇಳಿದ್ದು ಒಂದೇ ಮಾತು: “ನಿನ್ನ ಬಾಯಿಯಿಂದಲೇ ಓದಿದ್ದಿಯಂತಲ್ಲ.” ಕಾಂತಿ ಬಾಯಿ ತೆರೆಯುವಷ್ಟರಲ್ಲಿ ರಿಕ್ಷಾ ಹತ್ತಿಯಾಗಿತ್ತು. ಮತ್ತೆ ಅವರು ಮಾತಾಡಲಿಲ್ಲ.

ಊರಿನಲ್ಲಿ ಮುಖ ಎತ್ತಿ ನಡೆಯಲಾಗದೆ ಕಾಂತಿ ಮೂಡುಬಿದಿರೆಗೆ ಹೋಗಿ ಒಂದು ಹುಡುಗಿಯರ ಹಾಸ್ಟೆಲಿನ ಅಡುಗೆಗೆ ಸೇರಿದಳು. ಕ್ಯಾಲೆಂಡರಿನ ಸುರುಳಿಗಳನ್ನೂ ಆ ಮೆಮೋವನ್ನೂ ಗೋಣಿಗೆ ತುಂಬಿ ಜೊತೆಗೆ ಒಯ್ದಳು. ಹಾಸ್ಟೆಲಿನ ತಾರಸಿಯ ಮೇಲೆ ತನ್ನದೇ ಒಂದು ಮಾಪಕ ಇಟ್ಟು, ಕೆಂಪು ದಿನ ಕಪ್ಪು ದಿನ ಎಂದು ನೋಡದೆ ಎಂಟೂವರೆಗೆ ಅಳೆಯತೊಡಗಿದಳು. ಹಟ ಎಂದರೆ ಹಟ. ಎಂಟೂವರೆಗೆ ಇಡ್ಲಿ ಬಡಿಸುವ ಹೊತ್ತು, ಹುಡುಗಿಯರು ಕಾದರು.

ಹಾಸ್ಟೆಲಿನ ವಾರ್ಡನ್ ತ್ರಿಪುರಸುಂದರಿ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು. ಅವರ ಕೈಗೆ ಈ ವರ್ಷದ ಮೇ ತಿಂಗಳಲ್ಲಿ ಒಂದು ದಪ್ಪ ಪುಸ್ತಕ ಬಂತು. ಹವಾಮಾನ ಬದಲಾದರೆ ಮುಂದಿನ ಹದಿನೈದು ವರ್ಷದಲ್ಲಿ ಜಿಲ್ಲೆಯ ಒಟ್ಟು ಆದಾಯಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದ ವರದಿಯ ಕರಡು. ಬಂಟ್ವಾಳದಲ್ಲಿ ಅದರ ಬಗ್ಗೆ ಸಾರ್ವಜನಿಕ ಸಭೆ, ಮೇಡಂಗೂ ಕರೆ ಇತ್ತು. ಅವರು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಇಟ್ಟು ಕಾಫಿ ಕುಡಿಯುತ್ತಿದ್ದಾಗ ಕಾಂತಿಯ ಕಣ್ಣು ರಕ್ಷಾಪುಟದ ಮೇಲೆ ಬಿತ್ತು. ತಯಾರಿಸಿದವರು: ಡಾ. ರಾಮಪ್ರಸಾದ್. ನೌಕರಿ ಬಿಟ್ಟು, ಡಾಕ್ಟರೇಟ್ ಮಾಡಿ, ಸರಕಾರಕ್ಕೇ ಸಲಹೆ ಕೊಡುವ ಸಂಸ್ಥೆ ತೆರೆದಿದ್ದಾನೆ ಪುಣ್ಯಾತ್ಮ.

ಕಾಂತಿ ಒಲೆ ಆರಿಸಿ ಬಂದು ಕುಳಿತಳು.

“ಮೇಡಂ, ಇದರಲ್ಲಿ ಎಂತ ಉಂಟು, ನನಗೆ ಅರ್ಥ ಆಗುವ ಹಾಗೆ ಹೇಳಿ.”

ತ್ರಿಪುರಸುಂದರಿ ಹೇಳಿದರು. ಮಳೆ, ಬಿಸಿಲು ಹೆಚ್ಚುಕಮ್ಮಿ ಆದರೆ ಬೆಳೆ, ರಸ್ತೆ, ವ್ಯಾಪಾರ, ಕೂಲಿ ಎಲ್ಲದಕ್ಕೂ ಎಷ್ಟು ನಷ್ಟ ಎಂದು ಒಂದು ಸೂತ್ರ ಮಾಡುತ್ತಾರೆ. ಹಳೆಯ ಮಳೆಯ ಅಂಕಿಗಳನ್ನು ಆ ಸೂತ್ರಕ್ಕೆ ಉಣಿಸುತ್ತಾರೆ. ಹೊರಗೆ ಬಂದ ಉತ್ತರವನ್ನು ಹಿಡಿದುಕೊಂಡು ಸರಕಾರ ಯಾವುದಕ್ಕೆ ಎಷ್ಟು ಖರ್ಚು ಎಂದು ತೀರ್ಮಾನಿಸುತ್ತದೆ. “ಈ ವರದಿ ಪ್ರಕಾರ ನಷ್ಟ ನೂರಕ್ಕೆ ಅರ್ಧವೂ ಇಲ್ಲ, ಕಾಂತಕ್ಕ. ಮೂವತ್ತು ವರ್ಷದಲ್ಲಿ ವರ್ಷದ ಒಟ್ಟು ಮಳೆ ಹೆಚ್ಚಾಗಲಿಲ್ಲ, ಒಂದು ದಿನದ ದೊಡ್ಡ ಮಳೆಯೂ ಹೆಚ್ಚಾಗಲಿಲ್ಲ, ಹಾಗಾಗಿ ತೋಡು, ಮೋರಿಗಳಿಗೆ ಹೊಸ ಖರ್ಚು ಬೇಡ ಅಂತ ಬರ್ದಿದ್ದಾರೆ.”

“ಒಂದು ದಿನದ ದೊಡ್ಡ ಮಳೆ ಹೆಚ್ಚಾಗಲಿಲ್ಲವಾ?” ಕಾಂತಿಯ ಸ್ವರ ತಣ್ಣಗಿತ್ತು. “ಹೇಗೆ ಹೆಚ್ಚಾಗ್ತದೆ ಮೇಡಂ. ಕೊಚ್ಚಿ ಕೊಚ್ಚಿ ಹಾಕಿದ್ದೇವಲ್ಲ.”

ಅವತ್ತು ಸಂಜೆ ಗೋಣಿ ಬಿಚ್ಚಿದಳು. ಇಬ್ಬರೂ ಹತ್ತು ದಿನ ಕುಳಿತರು. ಪುಸ್ತಕದ ಕೊನೆಗೆ ದಿನವಾರು ಮಳೆಯ ಪಟ್ಟಿ ಅಚ್ಚಾಗಿತ್ತು. ಅದರ ಪಕ್ಕಕ್ಕೆ ಕ್ಯಾಲೆಂಡರ್ ಹಾಳೆ ಇಟ್ಟು ಒಂದೊಂದೇ ಚೌಕ ನೋಡಿದರು. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಅದೇ ಸೂತ್ರಕ್ಕೆ ಕ್ಯಾಲೆಂಡರಿನ ಅಂಕಿ ಉಣಿಸಿದರು. ಪಾದೆಮಾರಿನ ಸುತ್ತಲಿನ ಊರುಗಳ ಮಟ್ಟಿಗೇ ನಷ್ಟ ಏಳು ಪಟ್ಟು ಆಯಿತು. ಕಾಂತಿ ಆ ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡಳು.

ಆದರೆ ಹನ್ನೊಂದನೆಯ ದಿನ ಇನ್ನೊಂದು ಪುಟ ಸಿಕ್ಕಿತು. ಪಾದೆಮಾರಿನ ಆ ಮೋರಿಯ ವಿಷಯ. ಹತ್ತೊಂಬತ್ತು ವರ್ಷದ ಹಿಂದೆ ಕಟ್ಟಿದ್ದು. ಅಲ್ಲಿಯವರೆಗೆ ರಿಜಿಸ್ಟರಿನಲ್ಲಿದ್ದ ಅತಿ ದೊಡ್ಡ ದಿನದ ಮಳೆ ನೂರ ಮೂವತ್ತೆಂಟು. ಅದನ್ನು ನೋಡಿ ನೂರ ನಲವತ್ತಕ್ಕೆ ಸಾಕಾಗುವ ಹಾಗೆ ಕಟ್ಟಲಾಗಿದೆ ಎಂದಿತ್ತು.

ಕಾಂತಿ ಎದ್ದು ಹಳೆಯ ಸುರುಳಿಯೊಂದನ್ನು ತೆಗೆದಳು. ಅವಳು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದ ಜುಲೈ. ಕೆಂಪು ಭಾನುವಾರದ ಚೌಕದಲ್ಲಿ ಅವಳದೇ ಅಕ್ಷರ: ‘ಮಧ್ಯಾಹ್ನದಿಂದ ರಾತ್ರಿ ಎಲ್ಲ. 246.’ ಪುಸ್ತಕದ ಪಟ್ಟಿಯಲ್ಲಿ ಅದೇ ಭಾನುವಾರ ನೂರ ಇಪ್ಪತ್ತಮೂರು, ಸೋಮವಾರ ನೂರ ಇಪ್ಪತ್ತಮೂರು. ಆಗ ಬೆಳ್ತಂಗಡಿಯಲ್ಲಿ ರಾಮಪ್ರಸಾದ್ ಇರಲೇ ಇಲ್ಲ. ತುಂಡು ಮಾಡಿದ ಕೈ ಅವಳದ್ದು. ಇನ್ನೂರ ನಲವತ್ತಾರು ಎಂದು ಅವಳು ಬರೆದಿದ್ದರೆ ಮೋರಿ ದೊಡ್ಡದಾಗುತ್ತಿತ್ತು, ಚೌತಿಯ ನೀರು ಅದರೊಳಗೆ ಹೋಗುತ್ತಿತ್ತೋ ಏನೋ, ಸೈನಬಳ ಮನೆ ನಿಲ್ಲುತ್ತಿತ್ತೋ ಏನೋ.

ಅವಳ ಮುಖ ನೋಡಿ ತ್ರಿಪುರಸುಂದರಿಗೆ ಅರ್ಥವಾಯಿತು. “ಎಲ್ಲರೂ ಹಾಗೇ ಬರೀತಿದ್ದದ್ದು, ಕಾಂತಕ್ಕ. ಈ ಹಾಳೆಯನ್ನು ಸಭೆಗೆ ತರಬೇಕು ಅಂತ ಇಲ್ಲ. ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.”

ಕಾಂತಿ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

ಸಭೆಯ ದಿನ ಇಬ್ಬರೂ ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದರು. ಸಭಾಂಗಣದಲ್ಲಿ ಇನ್ನೂರು ಜನ. ಪಂಚಾಯತ್ ಸದಸ್ಯರು, ಮೇಷ್ಟ್ರುಗಳು, ಕೃಷಿಕರು. ಎಲ್ಲರ ಕೈಗೂ ಒಂದೊಂದು ಪುಸ್ತಕ. ವೇದಿಕೆಯ ನಡುವೆ ಬೆಂಗಳೂರಿನಿಂದ ಬಂದ ಒಬ್ಬ ಹಿರಿಯ ಅಧಿಕಾರಿ, ಪಕ್ಕದಲ್ಲಿ ಬೆಳ್ಳಿ ಕೂದಲಿನ ರಾಮಪ್ರಸಾದ್. ಮುಕ್ಕಾಲು ಗಂಟೆ ಚಂದ ಮಾತಾಡಿದ. ಪಾದೆಮಾರಿನ ಹೆಸರು ಅವನೇ ಎತ್ತಿದ: “ಒಂದು ದಿನವೂ ಬಿಡದೆ ಮೂವತ್ತು ವರ್ಷದ ದಾಖಲೆ ಇರುವ ಕೇಂದ್ರ ಅದು. ಒಂದು ಚೌಕ ಕೂಡ ಖಾಲಿ ಇಲ್ಲ. ನಮ್ಮ ಲೆಕ್ಕಕ್ಕೆ ಅದೇ ಆಧಾರ.”

ಇದೊಂದು ಮಾತನ್ನು ಅವನ ಬಾಯಿಯಿಂದ ಕೇಳುವ ಪುಣ್ಯ ತನಗೆ ಇರುತ್ತದೆಂದು ಕಾಂತಿ ಎಣಿಸಿಯೇ ಇರಲಿಲ್ಲ. ಪ್ರಶ್ನೆ ಇದ್ದವರು ಕೇಳಬಹುದು ಎಂದಾಗ ಎದ್ದು ನಿಂತಳು. ಬಿಳಿ ಕೂದಲು, ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ಕ್ಯಾಲೆಂಡರಿನ ಸುರುಳಿ. ಅವನಿಗೆ ಗುರುತು ಸಿಗಲಿಲ್ಲ.

“ಸರ್, ನನಗೆ ಕಣ್ಣು ಮಂಜು. ಪುಸ್ತಕದ ಕೊನೆಯಲ್ಲಿ ಪಾದೆಮಾರಿನ ಮಳೆ ಉಂಟಲ್ಲ. ಹನ್ನೊಂದು ವರ್ಷದ ಹಿಂದಿನ ಚೌತಿ. ಮರುದಿನದಿಂದ ಮೂರು ದಿನದ್ದು ಒಮ್ಮೆ ಓದಿ ಹೇಳ್ಬಹುದಾ?”

ಅವನು ನಿಂತಲ್ಲೇ ನಕ್ಕು ಪುಟ ತಿರುಗಿಸಿದ. “ನೂರ ಹದಿನಾರು. ನೂರ ಹದಿನಾರು. ನೂರ...” ನಿಲ್ಲಿಸಿದ. ಕನ್ನಡಕ ತೆಗೆದು ಅವಳನ್ನು ನೋಡಿದ. ಈಗ ಗುರುತು ಸಿಕ್ಕಿತು.

“ಗಟ್ಟಿ ಓದಿ ಸರ್. ಹಿಂದಿನವರಿಗೆ ಕೇಳ್ಬೇಕು.”

ಓದಿದ. ಇನ್ನೇನು ಮಾಡುತ್ತಾನೆ, ಇನ್ನೂರು ಜನರ ಕೈಯಲ್ಲಿ ಅದೇ ಪುಟ ಇತ್ತು. ಕಾಂತಿ ಬಿಡಲಿಲ್ಲ. ಅದರ ಹಿಂದಿನ ವರ್ಷ ಜೂನ್ ಎರಡನೆಯ ಭಾನುವಾರ, ಸೋಮವಾರ. “ಅರವತ್ತೆಂಟು. ಅರವತ್ತೆಂಟು.” ಅದರ ಮುಂದಿನ ಭಾನುವಾರ. “ನಲವತ್ತೊಂದು.” ಅವನು ಉಸಿರು ತೆಗೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೃಷಿಕ “ನಲವತ್ತೊಂದು” ಎಂದು ತಾನೇ ಹೇಳಿದ. ನಗು ಎದ್ದಿತು. ಇನ್ನೊಂದು ಭಾನುವಾರಕ್ಕೆ ಅರ್ಧ ಸಭೆಯೇ ಸೋಮವಾರದ ಅಂಕಿಯನ್ನು ಅವನಿಗಿಂತ ಮೊದಲು ಹೇಳತೊಡಗಿತು. ನಗುವ ಸದ್ದು ಹಿಂದಿನ ಸಾಲಿನಿಂದಲೇ ಬರುತ್ತಿತ್ತು, ಅದನ್ನು ಕಾಂತಿ ಗಮನಿಸಿದಳು. ಹನ್ನೊಂದು ವರ್ಷ ಹೊಟ್ಟೆಯೊಳಗಿದ್ದ ಉರಿಗೆ ಯಾರೋ ತಂಬಿಗೆ ತಂಬಿಗೆ ನೀರು ಹೊಯ್ದಂತೆ ಅವಳಿಗೆ ಹಿತವಾಯಿತು.

ಹಿರಿಯ ಅಧಿಕಾರಿ ಮಾತ್ರ ನಗಲಿಲ್ಲ. “ಬೇರೆ ಕೇಂದ್ರಗಳದ್ದು ನೋಡಿ” ಎಂದರು. ರಾಮಪ್ರಸಾದ್ ಇನ್ನೊಂದು ಪುಟ ತೆಗೆದ, ಮತ್ತೊಂದು ತೆಗೆದ. ಎಲ್ಲ ಕಡೆ ಭಾನುವಾರವೂ ಸೋಮವಾರವೂ ಅವಳಿಜವಳಿ.

“ಸ್ವಾಮಿ, ನಾನು ಅಡುಗೆಯವಳು” ಎಂದಳು ಕಾಂತಿ ಅಧಿಕಾರಿಗೆ. “ತಿಂಗಳ ಉಪ್ಪನ್ನೆಲ್ಲ ಒಂದೇ ದಿನದ ಸಾರಿಗೆ ಹಾಕಿದ್ರೂ ತಿಂಗಳ ಲೆಕ್ಕದಲ್ಲಿ ಉಪ್ಪು ಸರಿಯಾಗೇ ಇರ್ತದೆ. ಆ ದಿನ ಉಂಡವರನ್ನು ಕೇಳ್ಬೇಕು. ಈ ಸರ್ ಮೂವತ್ತು ದಿನದ ಉಪ್ಪನ್ನು ನೋಡಿ ಸಾರು ಚೆನ್ನಾಗಿದೆ ಅಂತ ಬರ್ದಿದ್ದಾರೆ. ಚೌತಿಯ ಆ ಒಂದು ದಿನ ಬಂದದ್ದು ಮುನ್ನೂರ ಹದಿನೆಂಟು. ಅಳೆದವಳು ನಾನು.”

ರಾಮಪ್ರಸಾದನ ಕಿವಿ ಕೆಂಪಾಗಿತ್ತು. “ಸರ್, ಇವರು ಯಾರೆಂದು ತಮಗೆ ತಿಳಿದಿರಲಿ. ಈ ಹಂಚಿದ ಅಂಕಿಗಳಲ್ಲಿ ಹತ್ತೊಂಬತ್ತು ವರ್ಷದ್ದು ಇವರದೇ ಕೈಬರಹ. ಸುಳ್ಳು ಅಂಕಿ ಬರೆದದ್ದಕ್ಕೆ ಕೆಲಸ ಹೋದವರು ಇವರು.”

ಕಾಂತಿಗೆ ಇದು ಬರುತ್ತದೆಂದು ಗೊತ್ತಿತ್ತು.

“ಹೌದು ಸರ್. ನನ್ನದೇ ಕೈ. ಬರೆಯುವ ರೀತಿ ಅದು ಅಂದರು, ಬರೆದೆ. ನಿಮ್ಮ ಪುಸ್ತಕದ ಹೊದಿಕೆಯಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕಿ. ಆದ್ರೆ ಆ ಚೌತಿಗೆ ಮಾತ್ರ ನಾನು ನಿಜ ಬರೆದಿದ್ದೆ. ಕೆಲಸ ಹೋದದ್ದು ಅದಕ್ಕೆ.” ಮೆಮೋ ಎತ್ತಿ ಹಿಡಿದಳು. ಅದಕ್ಕೆ ಅಂಟಿಸಿದ್ದ ಕ್ಯಾಲೆಂಡರಿನ ಶನಿವಾರದ ಚೌಕವನ್ನೂ ತೋರಿಸಿದಳು. ತ್ರಿಪುರಸುಂದರಿ ಎದ್ದು ತಮ್ಮ ಲೆಕ್ಕದ ಹಾಳೆಗಳನ್ನು ವೇದಿಕೆಗೆ ಕೊಟ್ಟರು. ಅಧಿಕಾರಿ ಅವನ್ನು ಎರಡು ನಿಮಿಷ ನೋಡಿ, ಈ ಕರಡನ್ನು ಒಪ್ಪಲಾಗುವುದಿಲ್ಲ, ಹಳೆಯ ಅಂಕಿಗಳ ತನಿಖೆ ಆಗಬೇಕು ಎಂದು ಬರೆಸಿದರು.

ಊಟದ ಬಿಡುವಿನಲ್ಲಿ ರಾಮಪ್ರಸಾದ್ ವರಾಂಡದಲ್ಲಿ ಅವಳ ಹಿಂದೆ ಬಂದ.

“ಕಾಂತಿಯವರೇ, ಆದದ್ದು ಆಯ್ತು. ತನಿಖೆ ಅಂತ ಹೋದ್ರೆ ನನ್ನ ಸಂಸ್ಥೆಯೇ ಮುಳುಗ್ತದೆ. ನಿಮಗೆ ಎಂತ ಬೇಕು ಹೇಳಿ.”

ಕಾಂತಿ ಮೆಮೋವನ್ನು ಮಗುಚಿ ಗೋಡೆಗೆ ಒತ್ತಿ ಹಿಡಿದಳು. “ಇದರ ಹಿಂದೆ ಬರೀರಿ. ಆ ದಿನದ ಮಳೆ ಮುನ್ನೂರ ಹದಿನೆಂಟು, ಕಾಂತಿ ಬರೆದದ್ದು ನಿಜ, ನಾನು ಬದಲಿಸಿದೆ ಅಂತ.”

ಅವನು ಅತ್ತಿತ್ತ ನೋಡಿ ಬರೆದ. ಸಹಿ ಹಾಕಿದ. “ಆಯ್ತಲ್ಲ? ಇನ್ನು ಇಲ್ಲಿಗೇ ಬಿಡುವ.”

“ಬೆಳಿಗ್ಗೆ ಬರುವಾಗಲೇ ಎಲ್ಲದರ ನಕಲು ಪೋಸ್ಟಿಗೆ ಹಾಕಿ ಬಂದಿದ್ದೇವೆ ಸರ್. ಅದು ಬೆಂಗಳೂರು ದಾರಿಯಲ್ಲುಂಟು” ಎಂದಳು ಕಾಂತಿ. “ಬಿಡ್ತೇನೆ ಅಂತ ನಾನು ಹೇಳಲಿಲ್ಲವಲ್ಲ.”

ಅವನ ಮುಖವನ್ನು ಅವಳು ಸಾವಧಾನವಾಗಿ, ಗೆರೆಗೆ ಕಣ್ಣು ಸಮ ಮಾಡಿ ಮಳೆ ಅಳೆಯುವಂತೆ ನೋಡಿದಳು. ಆಮೇಲೆ ಮೇಡಂಗೆ ಹೇಳಿ, ಊಟಕ್ಕೂ ನಿಲ್ಲದೆ ಬಿ.ಸಿ. ರೋಡಿಗೆ ಬಂದು ಫರಂಗಿಪೇಟೆಯ ಬಸ್ಸು ಹತ್ತಿದಳು.

ಸೈನಬ ಮಗಳ ಮನೆಯ ಜಗಲಿಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು. ಕಾಲು ಊದಿತ್ತು, ಹಲ್ಲು ಹೋಗಿತ್ತು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕಾಂತಿ ಎದುರಿನ ಮೆಟ್ಟಿಲ ಮೇಲೆ ಕುಳಿತು, ನಡೆದದ್ದನ್ನೆಲ್ಲ ಹೇಳಿ, ಮೆಮೋದ ಬೆನ್ನಿನ ಬರಹವನ್ನು ಓದಿದಳು. ಸೈನಬಳಿಗೆ ಕನ್ನಡ ಓದಲು ಬಾರದು. ಸಹಿಯ ಮೇಲೆ ಬೆರಳಾಡಿಸಿ ನೋಡಿದಳು.

“ಎಲ್ಲರ ಎದುರು ಓದಿಸಿದಿಯಾ ಅವನನ್ನು?”

“ಓದಿಸಿದೆ. ನಕ್ಕರು.”

“ಒಳ್ಳೇದಾಯ್ತು” ಎಂದಳು ಸೈನಬ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು. “ಹಾಗಾದ್ರೆ ನಿನ್ನ ತಪ್ಪು ಏನೂ ಇರಲಿಲ್ಲ ಮಾರಾಯ್ತಿ. ನಾನೇ ಸುಮ್ಮನೆ...”

ಅಲ್ಲಿಗೆ ಎದ್ದು ಬರಬಹುದಿತ್ತು. ಹೆಸರು ತೊಳೆದಾಗಿತ್ತು, ಗೆಳತಿ ಸಿಕ್ಕಿದ್ದಳು, ಒಳಗಿನಿಂದ ಚಹಾದ ಪರಿಮಳ ಬರುತ್ತಿತ್ತು. ಕಾಂತಿ ರವಿಕೆಯೊಳಗಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು.

“ಇನ್ನೊಂದು ಉಂಟು ಸೈನಬ.”

ಹೇಳಿದಳು. ನಾಲ್ಕನೆಯ ವರ್ಷದ ಜುಲೈ, ಎರಡು ಪಾಲು ಮಾಡಿದ ಭಾನುವಾರ, ಅದನ್ನು ನಂಬಿ ಕಟ್ಟಿದ ಸಣ್ಣ ಮೋರಿ. ಹೇಳುತ್ತಾ ಹೋದ ಹಾಗೆ ಸ್ವರ ಕೆಳಗೆ ಇಳಿಯಿತು. ಮುಗಿದ ಮೇಲೆ ಸೈನಬ ಒಳಗೆ ತಿರುಗಿ ಮಗಳನ್ನು ಕರೆದಳು, ಅಳಿಯನನ್ನು ಕರೆದಳು, ಪಕ್ಕದ ಮನೆಯವರನ್ನೂ ಕರೆದಳು. ಅವರೆಲ್ಲ ಏನಾಯಿತೋ ಎಂದು ಜ‌ಗಲಿಗೆ ಬಂದು ನಿಂತರು.

“ಕೂತು ಯಾಕೆ ಹೇಳ್ತೀ?” ಎಂದಳು ಸೈನಬ. “ಅವನನ್ನು ನಿಲ್ಲಿಸಿ ಓದಿಸಿದೆ ಅಂದಿಯಲ್ಲ. ನಿಲ್ಲು.”

ಕಾಂತಿ ಎದ್ದು ನಿಂತು ಹಾಳೆ ಬಿಡಿಸಿದಳು.

“ಗಟ್ಟಿ ಓದು” ಎಂದಳು ಸೈನಬ.